ಸಿರಿಯಬ್ಬೆಯ ಹಾಡು ಕದ್ದ ಕನ್ನಡಿ

ಬೆಟ್ಟಗಳು ಮಾತಾಡುತ್ತಿದ್ದ ಕಾಲದಲ್ಲಿ ಹೊಂಬೆಟ್ಟವೆಂಬ ರಾಜ್ಯವಿತ್ತು. ಅಲ್ಲಿ ಸಿರಿಯಬ್ಬೆಯ ಮನೆತನವೆಂದರೆ ಅರಮನೆಯವರೂ ಎದ್ದು ನಿಲ್ಲುತ್ತಿದ್ದರು. ಅವಳ ಮುತ್ತಜ್ಜಿಯ ಹಾಡನ್ನು ಮಳೆ ನಿಂತು ಕೇಳಿತ್ತು. ಅಜ್ಜಿಯ ಹಾಡಿಗೆ ಹುಲಿ ತಲೆಬಾಗಿತ್ತು. ಆ ಮನೆಯವರು ಒಬ್ಬರ ಪದವನ್ನೂ ಎರವಲು ತಂದವರಲ್ಲ. ಸಿರಿಯಬ್ಬೆ ತಾನೇ ಕಟ್ಟಿದ ಹಾಡು ಹಾಡಿದರೆ ಅರಮನೆಯ ಕೊಳದ ಕಲ್ಲುಕಮಲ ಅರಳುತ್ತಿತ್ತು.

ಒಂದು ಬೆಳಗ್ಗೆ ಜಾಲಂಗನೆಂಬ ಮಾಂತ್ರಿಕ ಕೊಳದ ಬಳಿ ಬಂದು, "ಏನು ಕಂಠ ತಾಯಿ!" ಎಂದ.

ಸಿರಿಯಬ್ಬೆಗೆ ಅನುಮಾನ ಬಂತು. ಹಾಡು ಮೆಚ್ಚಿದವನು ಕಣ್ಣು ಮುಚ್ಚುತ್ತಾನೆ. ಇವನೇಕೆ ನನ್ನ ಬಾಯಿಗೆ ಕನ್ನಡಿ ಹಿಡಿದಿದ್ದಾನೆ?

ಮರುದಿನ ಜಾಲಂಗ ಆಸ್ಥಾನದಲ್ಲಿ ನಿಂತು, "ಆ ಹಾಡು ನನ್ನದು. ಇವಳು ಕಳ್ಳಿ," ಎಂದುಬಿಟ್ಟ.

ರಾಣಿ ಕಾಂಚಲದೇವಿ ಇಬ್ಬರನ್ನೂ ಓರೆಗಣ್ಣಿನಿಂದ ನೋಡಿದಳು. "ಹಾಡಿಗೆ ಮೂರು ಸಾಲು, ನಿಮಗೆ ಮೂರು ಪರೀಕ್ಷೆ. ಸೋತವರು ಇದನ್ನು ಮತ್ತೆ ಹಾಡುವಂತಿಲ್ಲ."

ನನ್ನ ಹಾಡು ನನ್ನ ನಾಲಿಗೆಗೇ ನಿಷಿದ್ಧವೇ! ಎಂದುಕೊಳ್ಳುತ್ತಲೇ ಸಿರಿಯಬ್ಬೆ ಮುಂದೆ ಬಂದಳು.

"ಇರುಳು ಕರಗಲಿ, ಬಾ ಬೆಳಕೆ," ಎಂದು ಒಬ್ಬರಾದ ಮೇಲೊಬ್ಬರು ಹಾಡಿದರು. ಹೊರಗೆ ಕೊಳದಲ್ಲಿ ಕಲ್ಲುಕಮಲ ಇಬ್ಬರಿಗೂ ಅರಳಿತು.

"ಕೊರಳು ತೆರೆಯಲಿ, ಬಾ ಹಕ್ಕಿ," ಎಂದು ಹಾಡಿದರು. ಆಸ್ಥಾನದ ಕಂಬದ ಮೇಲಿನ ಕಲ್ಲುಗಿಳಿ ಇಬ್ಬರಿಗೂ ಉಲಿಯಿತು.

"ದೊಡ್ಡ ಮನೆಯವರೇ ಕದಿಯೋದು ಕಣೆ!" ಎಂದು ಯಾರೋ ಪಿಸುಗುಟ್ಟಿದರು. ಸಿರಿಯಬ್ಬೆ ತುಟಿ ಕಚ್ಚಿ ಜಾಲಂಗನನ್ನೇ ನೋಡಿದಳು. ಹಾಡುವಾಗ ಅವನ ಗಂಟಲು ಅಲುಗುತ್ತಲೇ ಇರಲಿಲ್ಲ.

ಮೂರನೆಯದು ಕಟ್ಟಿದವರ ಹೆಸರು ಬರುವ ಅಂಕಿತದ ಸಾಲು. "ಸಿರಿಯಬ್ಬೆಯ ಅಂಗಳಕೆ," ಎಂದು ಅವಳು ಮುಗಿಸಿದಳು. "ಜಾಲಂಗನ ಅಂಗಳಕೆ," ಎಂದು ಅವನು ಮುಗಿಸಿದ; ತನ್ನ ಹೆಸರು ಬಂದಾಗ ಮಾತ್ರ ಅವನ ಗಂಟಲು ಅಲುಗಿತು.

"ಬೆಳಕು, ಹಕ್ಕಿ ಇವಳಪ್ಪನ ಆಸ್ತಿಯೇ?" ಎಂದು ನಕ್ಕ.

"ಅಲ್ಲ. ಬೆಳಗಿನ ಮೇಲೆ ಯಾರು ಬೇಕಾದರೂ ಹಾಡು ಕಟ್ಟಲಿ. ನಾನು ಕಟ್ಟಿದ ಸಾಲು ಮಾತ್ರ ನನ್ನದು. ಮಹಾರಾಣಿ, ಪ್ರಾಸ ನೋಡಿ. ಇರುಳು, ಕೊರಳು, ಸಿರಿ. ಎರಡನೆಯ ಅಕ್ಷರವೆಲ್ಲ ರಕಾರ. ಇವನ ಹೆಸರಿನಲ್ಲಿ ಲಕಾರ ಎಲ್ಲಿಂದ ಬಂತು?"

ಸಭೆಯೆಲ್ಲ ಜಾಲಂಗನತ್ತ ತಿರುಗಿತು.

"ಜಾಲಂಗ, ನಿನ್ನ ಹೆಸರಿಗೆ ಒಗ್ಗುವಂತೆ ಮೊದಲ ಸಾಲು ಕಟ್ಟು. ಈಗಲೇ," ಎಂದಳು ರಾಣಿ.

ಜಾಲಂಗ ಅಂಗಿಯೊಳಗಿನ ಕನ್ನಡಿಯನ್ನು ಅಲುಗಿಸಿದ. "ಇರುಳು ಕರಗಲಿ," ಎಂದಿತು ಅದು. ಮತ್ತೆ ಅಲುಗಿಸಿದ. "ಇರುಳು ಕರಗಲಿ." ಮೂರನೆಯ ಸಲ ಕೈಜಾರಿ ಬಿದ್ದು ಚೂರಾಯಿತು. ಅದರೊಳಗಿಂದ ಅಂಬಿಗರ ಪದಗಳು, ಬಾಣಂತಿಯರ ಜೋಗುಳಗಳು ಹಕ್ಕಿಗಳಾಗಿ ಹಾರಿ ಕಟ್ಟಿದವರ ಮನೆ ಸೇರಿದವು. ಕಟ್ಟಿದವರನ್ನು ಕೇಳದೆ, ಅವರ ಹೆಸರು ಹೇಳದೆ ಯಾರೂ ಹಾಡಬಾರದೆಂದು ಡಂಗುರವಾಯಿತು. ಹೊಂಬೆಟ್ಟ ಸುಖವಾಗಿ ಹಾಡಿಕೊಂಡಿತು.

ಆದರೆ ಅದಕ್ಕೂ ಮೊದಲು, ಕನ್ನಡಿ ಒಡೆದ ಗಳಿಗೆಯಲ್ಲೇ ಜಾಲಂಗ ಮೆಲ್ಲನೆ ಬಾಗಿಲತ್ತ ಸರಿದಿದ್ದ. "ನಿಮ್ಮ ಹಾಡು ನಿಮಗೆ ಸಿಕ್ಕಿತಲ್ಲ ತಾಯಿ, ಹೋಗಲಿ ಬಿಡಿ."

ಸಿರಿಯಬ್ಬೆ ಅಡ್ಡ ನಿಂತಳು.

"ನನ್ನನ್ನು ಕಳ್ಳಿ ಎಂದೆ. ಇವರೆಲ್ಲರ ಎದುರು ಕ್ಷಮೆ ಕೇಳು."