ನಾಲ್ಕನೆಯ ಬುಟ್ಟಿ

“ಈ ಹಂದಿಮರಿಗೆ ಯಾರಾದ್ರೂ ಹೇಳಿದಾರಾ, ಯಾರ ಮದುವೆಗೆ ಬೆಂದಿದೀಯ ಅಂತ?”

ಲೂಪೆ ಯಾರನ್ನೂ ಕೇಳಿರಲಿಲ್ಲ. ಗೋಡೆಗಳಿಲ್ಲದ ಆ ಮನೆಯಲ್ಲಿದ್ದದ್ದು ಅವಳು, ಅರ್ಧ ಹೆಣೆದ ಕೇದಗೆ ಚಾಪೆ, ಎದುರಿಗೆ ತೆಂಗಿನ ಗರಿಯ ದೊಡ್ಡ ಬುಟ್ಟಿಯಲ್ಲಿ ಬೆಂದ ಹಂದಿಮರಿ, ಅಷ್ಟೇ.

“ಹೇಳಿದ್ರೆ ಬೇಯೋ ಮೊದ್ಲೇ ಕಡಲಿಗೆ ಹಾರ್ತಿತ್ತು!”

ಕಂಬದಾಚೆಯಿಂದ ಬಂದ ಗಂಡುದನಿ. ಲೂಪೆ ಬೆಚ್ಚಿ ತಿರುಗಿದಳು. ಬುಟ್ಟಿ ಹೊತ್ತು ಹೆಗಲು ಕೆಂಪಾಗಿದ್ದ ಯುವಕನೊಬ್ಬ ನಗುತ್ತ ನಿಂತಿದ್ದ. ಅವಳಿಗೂ ನಗು ಉಕ್ಕಿತು. ತಡೆಯಲು ಹೋಗಿ ಇನ್ನಷ್ಟು ನಕ್ಕಳು.

‘ಇವನೇ ಆಗಿದ್ದರೆ...’

“ನಾನು ಸೌಲೋ. ತಾನಿಯೇಲು ಕಡೆಯಿಂದ ಬಂದಿದೀನಿ.”

ನಗು ಅಲ್ಲೇ ಆರಿತು. ಇವನು ಬರೀ ದೂತ!

ಸಮೋವಾದ ಆ ದ್ವೀಪದಲ್ಲಿ ಜರ್ಮನರ ಬಾವುಟ ಏರಿ ಮೂರು ವರ್ಷ ಕಳೆದಿತ್ತು. ಬಾವುಟ ಬದಲಾಗಿತ್ತು, ಹೆಣ್ಣು ಕೇಳುವ ಕ್ರಮ ಬದಲಾಗಿರಲಿಲ್ಲ. ಗಂಡು ತನಗಾಗಿ ತಾನೇ ಬಾಯಿ ಬಿಡುವಂತಿಲ್ಲ. ಅವನ ಗೆಳೆಯ ಬುಟ್ಟಿ ಹೊತ್ತು ಬಂದು ಅವನನ್ನು ಹೊಗಳಬೇಕು. ಬುಟ್ಟಿಯದನ್ನು ಹುಡುಗಿ ಒಂದು ತುತ್ತು ತಿಂದರೂ ಸಾಕು, ಮದುವೆ ಗೊತ್ತಾದಂತೆ. ತಿನ್ನದಿದ್ದರೆ ಅದೆಲ್ಲ ಪಾದ್ರಿಯ ಮನೆಗೆ.

ಮೊದಲ ಬುಟ್ಟಿ ಪಾದ್ರಿಯ ಮನೆಗೆ ಹೋಯಿತು. ಎರಡನೆಯದೂ ಹೋಯಿತು.

“ಪಾದ್ರಿಯ ಹೊಟ್ಟೆ ದಪ್ಪ ಆಗ್ತಿದೆ. ನನ್ನ ಮಾನ ಸಣ್ಣ ಆಗ್ತಿದೆ!” ಅಪ್ಪ ತುಆಲಾ ಗುಡುಗಿದ. ಅವನು ಊರಿನ ಮುಖ್ಯಸ್ಥ. ಮೀನು ಹಿಡಿಯುವ ಜಾಗಕ್ಕಾಗಿ ಪಕ್ಕದೂರಿನ ಜೊತೆ ಏಳು ವರ್ಷದ ಜಗಳ. ತಾನಿಯೇಲು ಆ ಊರಿನ ಮುಖ್ಯಸ್ಥನ ಮಗ. “ಈ ಮದುವೆಯಿಂದ ಜಗಳ ಮುಗಿಯುತ್ತೆ, ಲೂಪೆ. ಮುಂದಿನ ಬುಟ್ಟಿ ನಾನೇ ನಿನ್ನ ಬಾಯಿಗೆ ತುರುಕ್ತೀನಿ!”

“ತುರುಕಿ, ಅಪ್ಪಾ. ನುಂಗೋ ಗಂಟಲು ನಂದು.”

ಮೂರನೆಯ ಸಲ ಸೌಲೋ ಬಂದಾಗ ಮನೆ ತುಂಬ ಹಿರಿಯರು ಕೂತಿದ್ದರು. ಅವನ ಬಾಯಲ್ಲಿ ಮಾತು ಪದ್ಯದಂತೆ ಹರಿಯುತ್ತದೆಂದು ಎಲ್ಲರೂ ಕಿವಿಗೊಟ್ಟರು.

“ತಾನಿಯೇಲು ದೋಣಿ ಹತ್ತಿದ್ರೆ ಅಲೆ ತಲೆ ಬಾಗಿಸುತ್ತೆ... ತಾನಿಯೇಲು...”

“ಅವನಿಗೆ ನಾಲಿಗೆ ಇಲ್ವಾ?” ಲೂಪೆ ಚಾಪೆಯಿಂದ ಕಣ್ಣೆತ್ತದೆ ಕೇಳಿದಳು. “ಬೇರೆಯವನ ಬಾಯಲ್ಲಿ ಎಷ್ಟು ದಿನ ಸಂಸಾರ ಮಾಡ್ತಾನಂತೆ?”

ಹೆಂಗಸರು ಕಿಸಕ್ಕೆಂದರು. ಸೌಲೋ ನಗಲಿಲ್ಲ.

ಲೂಪೆ ಎಳೆದ ರಭಸಕ್ಕೆ ಕೇದಗೆಯ ಎಳೆ ಹರಿಯಿತು. ‘ನನ್ನನ್ನು ಇನ್ನೊಬ್ಬನಿಗೆ ಒಪ್ಪಿಸೋಕೆ ಇಷ್ಟು ಚೆಂದದ ಮಾತು ಹುಡುಕ್ತಾನಲ್ಲ! ಇವನಿಗೆ ಎದೆ ಅನ್ನೋದು ಇದೆಯಾ?’

ಸೌಲೋ ಆ ಮನೆ ಎಂದೂ ಕಾಣದ್ದನ್ನು ಮಾಡಿದ. ತಂದ ಬುಟ್ಟಿಯನ್ನು ಮತ್ತೆ ಹೆಗಲಿಗೇರಿಸಿದ!

“ಕ್ಷಮಿಸಿ, ಹಿರಿಯರೇ. ಈ ಮಾತು ಇನ್ನು ನನ್ನ ಕೈಲಾಗಲ್ಲ. ಹೊಗಳ್ತಾ ಹೊಗಳ್ತಾ... ನಾನೇ ಸುಳ್ಳುಗಾರ ಆಗಿದೀನಿ.”

ಹಿಂದಿರುಗಿ ನೋಡದೆ ಹೊರಟುಹೋದ.

‘ನನ್ನ ಮೇಲೆ ಬೇಸರವಾಗಿ ಹೋದನಾ...’ ಆ ವಾರವೆಲ್ಲ ಲೂಪೆಗೆ ಊಟ ಸೇರಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೂ ಕೀರ್ತನೆ ಹೇಳುತ್ತಿದ್ದರೆ ಅವಳ ತುಟಿ ಮಾತ್ರ ಆಡುತ್ತಿತ್ತು.

ಶನಿವಾರ ಬೆಳಿಗ್ಗೆ ಇಬ್ಬರು ಗಂಡಸರು ದಡದಿಂದ ನಡೆದು ಬಂದರು. ಸಣ್ಣದೊಂದು ಬುಟ್ಟಿ. ಅದನ್ನು ಹೊತ್ತವನು ತಾನಿಯೇಲು! ಹಿಂದೆ ತಲೆ ತಗ್ಗಿಸಿದ ಸೌಲೋ.

ತಾನಿಯೇಲು ಬುಟ್ಟಿ ಇಳಿಸಿ ಗಂಟಲು ಸರಿಮಾಡಿಕೊಂಡ. ಬೆವರಿದ.

“ಈ ಸಲ ದೂತ ನಾನು. ನನಗೆ ಮಾತು ಬರಲ್ಲ. ಬುಟ್ಟಿ ಕಳಿಸ್ತಿದ್ದದ್ದು ನಮ್ಮಪ್ಪ, ನಾನಲ್ಲ. ಇವನು... ಸೌಲೋ... ಒಳ್ಳೆಯವನು. ಅಷ್ಟೇ.”

“ದೋಣಿ ಬಡಗಿಯ ಮಗನಾ?” ತುಆಲಾ ಎದ್ದು ನಿಂತ. “ಹಂದಿ ಎಲ್ಲಿ?”

“ಹಂದಿ ಇಲ್ಲ. ಒಂದು ಮೀನು, ಒಂದು ಜೀಗುಜ್ಜೆ ಕಾಯಿ. ಇವನೇ ಸುಟ್ಟಿದ್ದು,” ತಾನಿಯೇಲು ಪ್ರಾಮಾಣಿಕವಾಗಿ ಸೇರಿಸಿದ, “ಒಂದು ಕಡೆ ಸೀದಿದೆ.”

“ಆಗಲ್ಲ!” ತುಆಲಾ ಬುಟ್ಟಿಯತ್ತ ಕೈ ಚಾಚಿದ.

“ತಮ್ಮಾ, ಕೂತ್ಕೋ.”

ಚಾಪೆ ಹೆಣೆಯುವ ಹೆಂಗಸರಿಗೆಲ್ಲ ಹಿರಿಯಳಾದ ಸೋದರತ್ತೆ ಮಸೀನಾ ದನಿ ಏರಿಸಲಿಲ್ಲ. ಅಕ್ಕನ ಮಾತು ಮೀರಿದ ತಮ್ಮ ಆ ದ್ವೀಪದಲ್ಲಿ ಹುಟ್ಟಿರಲಿಲ್ಲ. ತುಆಲಾ ಕೂತ.

“ಇವನೂ ಅದೇ ಊರಿನವನೇ ತಾನೇ? ಆ ಮುಖ್ಯಸ್ಥನ ಮಗನೇ ಬುಟ್ಟಿ ಹೊತ್ತು ಬಂದಿದಾನೆ. ಜಗಳ ಮುಗಿಯೋಕೆ ಇನ್ನೇನು ಬೇಕು ನಿನಗೆ? ತಿನ್ನೋಳು ಅವಳು. ಅವಳನ್ನ ಕೇಳು.”

ಯಾರಾದರೂ ಕೇಳಲಿ ಎಂದು ಲೂಪೆ ಕಾಯಲಿಲ್ಲ. ಬುಟ್ಟಿ ಎಳೆದುಕೊಂಡಳು. ಜೀಗುಜ್ಜೆ ಮುರಿದಳು. ಸೀದ ಕಡೆಯನ್ನೇ ಮೊದಲು ಬಾಯಿಗಿಟ್ಟು, ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಅಗಿದು ನುಂಗಿದಳು. ಕಹಿ... ಆದರೂ ಇನ್ನೊಂದು ತುತ್ತು!

ತುಆಲಾ ಮುಖ ಆಚೆ ತಿರುಗಿಸಿದ. “ಹೋಗಲಿ, ಪಾದ್ರಿಯ ಹೊಟ್ಟೆಗಾದ್ರೂ ಬಿಡುವು ಸಿಗಲಿ,” ಎಂದು ಗೊಣಗಿದ.

ಸೌಲೋ ಅವಳೆದುರು ಮಂಡಿಯೂರಿದ.

“ಲೂಪೆ... ನಾನು ನಿನ್ನೆಯಿಂದ ಏನೂ ತಿಂದಿಲ್ಲ. ನನಗೂ ಒಂದು ಚೂರು ಕೊಡ್ತೀಯಾ?”

ಅವಳು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ಕಣ್ಣು ತುಂಬಿತ್ತು, ಬಾಯಿ ತುಂಬಿತ್ತು.

“ಕೊಡಲ್ಲ. ಒಂದು ಚೂರೂ ಕೊಡಲ್ಲ, ಸೌಲೋ. ಈ ಬುಟ್ಟಿ ಪೂರ್ತಿ ನಂದು!”