ಒಂದಕ್ಷರವನ್ನೂ ತಿದ್ದಬಾರದು

"ಸಹಿ ತಾನೇ ಬೇಕಾಗಿರೋದು? ಕೊಡಿ, ಹಾಕ್ತೀನಿ."

ಬಾಗಿಲಲ್ಲಿ ನಿಂತವನ ಮುಖವನ್ನೂ ಅವಳು ಸರಿಯಾಗಿ ನೋಡಲಿಲ್ಲ. ಅಮ್ಮ ಹೋದ ಮೇಲೆ ಅವಳು ಹೀಗೇ. ಉಣ್ಣು ಎಂದರೆ ಉಣ್ಣುವಳು, ಮಲಗು ಎಂದರೆ ಮಲಗುವಳು. ಅಳು ಮಾತ್ರ ಬರಲೇ ಇಲ್ಲ...

ಬಂದವನಿಗೆ ಆಫೀಸಿನಲ್ಲಿ 'ಕೊಕ್ಕೆ' ಎಂದೇ ಹೆಸರು. ಎಲ್ಲದಕ್ಕೂ ಕೊಕ್ಕೆ ಹಾಕುವವನಿಗೆ ಇನ್ನೇನು ಅಡ್ಡಹೆಸರು ಇಡುತ್ತಾರೆ ಹೇಳಿ? ಕಿವಿಗೆ ಹಾಕುವ ಶ್ರವಣಯಂತ್ರ ಯಾವ ಕಂಪನಿಯದ್ದಾದರೂ ಯಾವ ಫೋನಿಗೂ ಹೊಂದಬೇಕು ಎಂದು ಇಬ್ಬರೂ ಸೇರಿ ಒಂದು ಮಾನದಂಡದ ಕರಡು ಬರೆದಿದ್ದರು. ಅವಳ ಭಾಗ ಹುಟ್ಟಿದ್ದೇ ಕಿವಿ ಕೇಳದ ಅಮ್ಮನ ಪಾಡು ನೋಡಿ.

ಜಗಳ ಹತ್ತಿದ್ದು ಆ ಕರಡನ್ನು ಯಾರು ಹೇಗೆ ಬಳಸಬಹುದು ಎನ್ನುವ ಲೈಸೆನ್ಸ್ ವಿಷಯಕ್ಕೆ. ಎಲ್ಲರೂ ಬಳಸಲಿ, ಆದರೆ ಒಂದಕ್ಷರವನ್ನೂ ತಿದ್ದಬಾರದು ಎಂದು ಅವಳು. ಯಾರು ಬೇಕಾದರೂ ತಿದ್ದಲಿ, ಬರೆದವರ ಹೆಸರು ಹೇಳಿದರೆ ಸಾಕು ಎಂದು ಅವನು. ಇಬ್ಬರೂ ಒಪ್ಪಿ ಸಹಿ ಹಾಕದೆ ಕರಡು ಕೊನೆಯ ಮಂಜೂರಾತಿಗೆಂದು ಮಾನದಂಡ ಸಮಿತಿಗೆ ಹೋಗುವಂತಿರಲಿಲ್ಲ. ಗಡುವು ಇಂದು ಸಂಜೆಗೆ ಮುಗಿಯುತ್ತಿತ್ತು.

'ನನ್ನ ಭಾಗ ಕಿತ್ತುಹಾಕಿ ಅಂತ ಇವನೇ ಹೇಳಿದನಂತೆ... ಹೇಳಲಿ. ಏನಾದರೇನು.'

ಅವಳು ಪೆನ್ನು ಎತ್ತಿಕೊಂಡಳು. ಅವನು ಹಾಳೆಯನ್ನು ಹಿಂದಕ್ಕೆಳೆದುಕೊಂಡ.

"ಓದಿ ಹಾಕಿ."

"ನಿಮಗೆ ಬೇಕಾದ ಹಾಗೇ ಇರಲಿ ಅಂತಿದ್ದೀನಲ್ಲ."

"ನೀವೀಗ ಯಾವ ಹಾಳೆ ಕೊಟ್ರೂ ಸಹಿ ಹಾಕ್ತೀರಿ. ಅದು ಒಪ್ಪಿಗೆ ಅಲ್ಲ. ನನಗೆ ಹಾಗೆ ಬೇಡ."

ಸಿಟ್ಟು ಬಂತು ಅವಳಿಗೆ. ಎಷ್ಟೋ ದಿನಗಳ ಮೇಲೆ, ಏನೋ ಒಂದು ಬಂತು.

"ನನ್ನ ಭಾಗ ತೆಗೀರಿ ಅಂದೋರು ನೀವೇ ಅಲ್ವಾ?"

"ಅಂದಿದ್ದು ಸಮಿತಿಯವರು. ಅದನ್ನ ತೆಗೆದ್ರೆ ನನ್ನ ಹೆಸರೂ ತೆಗೀರಿ ಅಂದೆ ನಾನು."

ಒಳಗಿನಿಂದ ಅಕ್ಕ ಕೂಗಿದಳು. "ಬಾಗಿಲಲ್ಲೇ ಸಂಸಾರ ಹೂಡ್ತೀರಾ? ಒಳಗೆ ಕೂತು ಜಗಳ ಆಡಿ."

ಕುಳಿತರು. ಅವಳು ಓದಿದಳು. ಯಂತ್ರದಲ್ಲಿ ಕೇಳಿಸಿ ಪರೀಕ್ಷಿಸಲೆಂದು ತಾನೇ ಬರೆದಿದ್ದ ವಾಕ್ಯದ ಬಳಿ ಕಣ್ಣು ನಿಂತಿತು. 'ಕೂಗಬೇಡ, ಬಿಡಿಸಿ ಹೇಳು.' ಅಮ್ಮ ದಿನವೂ ಹೇಳುತ್ತಿದ್ದ ಮಾತು.

"ಇದನ್ನೂ ಯಾರಾದ್ರೂ ತಿದ್ದಿಬಿಟ್ರೆ?"

"ತಿದ್ದಬಹುದು," ಎಂದ. ಸುಳ್ಳು ಸಮಾಧಾನ ಅವನಿಗೆ ಬರುತ್ತಿರಲಿಲ್ಲ. "ಆದ್ರೆ ನಾಳೆ ಹೊಸ ಯಂತ್ರ ಬರುತ್ತೆ. ತಿದ್ದೋಕೆ ಬಿಡದಿದ್ರೆ ಇಡೀ ಕರಡೇ ಮೂಲೆ ಸೇರುತ್ತೆ. ಅಮ್ಮನ ಮಾತೂ ಅದರ ಜೊತೆಗೇ."

ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು.

"ತಿದ್ದಲಿ. ಆದ್ರೆ ಬರೆದವರ ಹೆಸರು ಹೇಳಲೇಬೇಕು ತಾನೇ? ಅಲ್ಲಿ ಅಮ್ಮನ ಹೆಸರೂ ಇರಬೇಕು."

"ನೀವೇ ಬರೀರಿ."

ಸಹಿ ಹಾಕಿ, ತನ್ನ ಹೆಸರಿಗಿಂತ ಮೇಲೆ ಅಮ್ಮನ ಹೆಸರು ಬರೆದಳು. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಕಟ್ಟಿಕೊಂಡಿದ್ದ ಅಳು ಕಟ್ಟೆಯೊಡೆಯಿತು.

ಅವನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಮೆಲ್ಲಗೆ ಅಂದ, "ನೀವಂದ್ರೆ ನನಗೆ ಪ್ರಾಣ. ಉತ್ತರ ಇವತ್ತು ಬೇಡ."

ಈಗ ಅವಳು ಅವನ ಮುಖ ನೋಡಿದಳು.

"ಕಾಯ್ತೀರಾ? ನನಗೀಗ ಅಳೋದೊಂದೇ ಆಗ್ತಿರೋದು..."

"ಅಳಿ. ನಾನಿಲ್ಲೇ ಕೂತಿರ್ತೀನಿ."