ಕೆಂಪು ಚುಕ್ಕೆ ಇಲ್ಲದ ಕ್ಯಾಮೆರಾ

"ಇದಲ್ಲ."

ಗಾಜಿನ ಮೇಜಿನ ಮೇಲಿದ್ದ ಕ್ಯಾಮೆರಾವನ್ನು ಅವಳು ಒಂದೇ ಬೆರಳಿನಿಂದ ಆಚೆ ತಳ್ಳಿದಳು.

ಅಂಗಡಿಯವನು ಅದನ್ನು ಅಷ್ಟೇ ಮೆಲ್ಲಗೆ ಮತ್ತೆ ಅವಳ ಕಡೆ ಸರಿಸಿದ. ಹಳೆಯ ಡಿಜಿಟಲ್ ಕ್ಯಾಮೆರಾಗಳನ್ನು ಕೊಂಡು, ಬಿಚ್ಚಿ, ಸರಿಪಡಿಸಿ, ಹೊಳಪು ಕೊಟ್ಟು ಮಾರುವುದು ಅವನ ಕಸುಬು. ಪರೀಕ್ಷೆ ಚೆನ್ನಾಗಿ ಬರೆದು ಬಂದ ಹುಡುಗನ ಹೆಮ್ಮೆ ಅವನ ಮುಖದಲ್ಲಿತ್ತು.

"ಇದೇ ಮೇಡಂ. ನಿಮ್ಮ ತಾಯಿ ತಂದು ಮಾರಿದ್ದು ಇದನ್ನೇ. ಹೊಸದರ ಥರ ಮಾಡಿದೀನಿ, ನೋಡಿ."

ಅವಳು ನೋಡಿದಳು.

ಹಿಡಿಗೆ ಹೊಚ್ಚ ಹೊಸ ಕಪ್ಪು ರಬ್ಬರ್ ಬಂದಿತ್ತು. ಅಡಿಯ ಮುಚ್ಚಳ ಕನ್ನಡಿಯಂತೆ ಹೊಳೆಯುತ್ತಿತ್ತು. ಆನ್ ಮಾಡುವ ಗುಂಡಿಯ ಪಕ್ಕ...

"ಇಲ್ಲೊಂದು ಕೆಂಪು ಚುಕ್ಕೆ ಇತ್ತು. ಎಲ್ಲಿ ಅದು?"

"ಓ, ಅದಾ? ಯಾರೋ ನೈಲ್ ಪಾಲಿಶ್ ಮೆತ್ತಿಬಿಟ್ಟಿದ್ರು. ಸ್ಪಿರಿಟ್ ಹಾಕಿ ಉಜ್ಜಿದೆ. ಒಂದು ಚೂರೂ ಉಳಿದಿಲ್ಲ."

ಯಾರೋ!

ಆ 'ಯಾರೋ' ಅವಳ ದೊಡ್ಡಮ್ಮ. ಅಮ್ಮನ ಅಕ್ಕ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದರು. ಮದುವೆಯಾಗದೆ ತಂಗಿಯ ಮನೆಯಲ್ಲೇ ಉಳಿದು, ತಂಗಿಯ ಮಗಳನ್ನು ತನ್ನ ಮಗಳಂತೆ ಬೆಳೆಸಿದವರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಈ ಹುಡುಗಿಗೆ 'ಮೆಣಸಿನಕಾಯಿ' ಎಂದು ಹೆಸರಿಟ್ಟವರೂ ಅವರೇ.

ಹುಟ್ಟಿದ ಮಗುವನ್ನು ತೂಕಕ್ಕೆ ಒಯ್ಯುವ ಮೊದಲು ಅದರದ್ದೊಂದು ಫೋಟೋ ತೆಗೆದು, ಇನ್ನೂ ಏಳಲಾಗದೆ ಮಲಗಿರುವ ತಾಯಿಗೆ ತೋರಿಸುವುದು ದೊಡ್ಡಮ್ಮನ ಪದ್ಧತಿ. ಆ ಗಡಿಬಿಡಿಯಲ್ಲಿ ಕನ್ನಡಕ ಎಲ್ಲಿ ಸಿಗಬೇಕು? ಅದಕ್ಕೇ ಗುಂಡಿಯ ಪಕ್ಕ ಕೆಂಪು ಚುಕ್ಕೆ ಇಟ್ಟುಕೊಂಡಿದ್ದರು. ವರ್ಷಗಟ್ಟಲೆ ಒತ್ತಿ ಒತ್ತಿ ಹಿಡಿಯ ರಬ್ಬರಿನಲ್ಲಿ ಅವರ ಹೆಬ್ಬೆರಳಿನ ಗುಳಿ ಬಿದ್ದಿತ್ತು. ಎಡಗೈಯ ಉಂಗುರ ಉಜ್ಜಿ ಅಡಿಯ ಮುಚ್ಚಳದಲ್ಲಿ ಒಂದು ಗೀರು ಮೂಡಿತ್ತು.

ಊರಿನ ಮಕ್ಕಳದ್ದೆಲ್ಲ ಫೋಟೋ ತೆಗೆದವರದ್ದೇ ಮನೆಯಲ್ಲಿ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಯಾವಾಗಲೂ ಕ್ಯಾಮೆರಾದ ಹಿಂದೆಯೇ ಇದ್ದವರು. ಅವರು ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದು ಆ ಗುಳಿ, ಆ ಗೀರು, ಆ ಚುಕ್ಕೆ.

ಅಷ್ಟನ್ನೂ ಈ ಮನುಷ್ಯ ಒರೆಸಿ ಹಾಕಿದ್ದ. ಸಾಲದ್ದಕ್ಕೆ ಹಲ್ಲು ಕಿರಿಯುತ್ತಿದ್ದ.

"ನಾನು ಡ್ರೈಕ್ಲೀನಿಂಗ್ ಅಂಗಡೀಲಿ ಕಲೆ ತೆಗೆಯೋಳು," ಎಂದಳು ಅವಳು. "ಕಲೆ ತೆಗೆಯೋ ಮುಂಚೆ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಟ್ಟೆ ತಂದವರಿಗೆ ತೋರಿಸಿ ಕೇಳ್ತೀನಿ, ಇದನ್ನ ತೆಗೀಲಾ ಅಂತ. ಯಾಕೆ ಗೊತ್ತಾ? ಕೆಲವರಿಗೆ ಅದು ಕಲೆ ಆಗಿರಲ್ಲ. ನನ್ನ ದೊಡ್ಡಮ್ಮನ ಚುಕ್ಕೆ, ಅವರ ಹೆಬ್ಬೆರಳಿನ ಗುಳಿ, ಉಂಗುರದ ಗೀರು ಎಲ್ಲಾ ಹೋಯ್ತು. ನೀವು ಒಂದು ಮಾತು ಕೇಳಿದ್ರಾ?"

ಅವನ ನಗು ಮಾಯವಾಯಿತು. ಮಾರಿ ಹೋದವರನ್ನು ಯಾರೂ ಕೇಳುವುದಿಲ್ಲ, ತೆಗೆದ ಹಳೆಯ ಭಾಗಗಳು ಗುಜರಿಗೆ ಹೋಗಿಯಾಯಿತು ಎಂದು ತಡವರಿಸಿದ. ಆಮೇಲೆ ಸುಮ್ಮನಿರಲಾಗದೆ, "ಹಳೇದನ್ನ ಹೊಸದು ಮಾಡಿದ್ದಕ್ಕೆ ಬೈಸ್ಕೊಳ್ತಿರೋದು ಇದೇ ಮೊದಲು," ಎಂದ.

ಉರಿಯುವ ಬೆಂಕಿಗೆ ತುಪ್ಪ ಬಿತ್ತು.

"ನನ್ನ ಹತ್ರ ಮಾತಾಡ್ಬೇಡಿ. ಇದನ್ನ ನೀವೇ ಇಟ್ಕೊಂಡು ಪೂಜೆ ಮಾಡಿ."

ಬಾಗಿಲು ಧಡಾರನೆ ಮುಚ್ಚಿಕೊಂಡಿತು.

*

ಮನೆಯಲ್ಲಿ ಎರಡನೆಯ ಯುದ್ಧ ಕಾದಿತ್ತು.

ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಗಳು ಬಾಯಿಗೆ ಬಂದಂತೆ ಅಂದಳು. ಕೇಳದೆ ಕೊಟ್ಟದ್ದು ಯಾಕೆ, ಅಕ್ಕನ ಮೇಲೆ ಇಷ್ಟೇನಾ ಪ್ರೀತಿ, ನಾಳೆ ನನ್ನ ವಸ್ತುಗಳನ್ನೂ ಹೀಗೇ ಗುಡಿಸಿ ಹಾಕುತ್ತೀಯಾ... ಅಮ್ಮ ಮಡಚಿದ ಟವೆಲನ್ನೇ ಬಿಡಿಸಿ ಮತ್ತೆ ಮಡಚಿದಳು.

ಕೊನೆಗೆ ಇಷ್ಟೇ ಅಂದಳು. "ಅವಳ ಬಟ್ಟೆ ಕೊಟ್ಟೆ, ಚಪ್ಪಲಿ ಕೊಟ್ಟೆ. ಇದೊಂದು ಮಾತ್ರ ಬೀರು ತೆಗೆದಾಗೆಲ್ಲ ನನ್ನನ್ನೇ ನೋಡ್ತಿತ್ತು ಕಣೇ."

ಮಗಳಿಗೆ ಅದು ಕೇಳಿಸಿತು. ಆದರೆ ಕೋಪಕ್ಕೆ ಕಿವಿ ಎಲ್ಲಿರುತ್ತದೆ? ಊಟದ ತಟ್ಟೆಯನ್ನು ಮುಟ್ಟದೆ ಎದ್ದು ಹೋದಳು.

ಬೆಳಿಗ್ಗೆ ಅವಳ ಮನಸ್ಸು ಬೇರೆಯದೇ ಮಾತಾಡಿತು. 'ರಬ್ಬರ್ ಹೋದರೇನು? ಎಷ್ಟೋ ಕೂಸುಗಳನ್ನ ಮೊದಲು ನೋಡಿದ ಕಣ್ಣು ಅದೇ ತಾನೆ? ಅದನ್ನೂ ಯಾರಿಗೋ ಬಿಟ್ಟು ಬಂದೆಯಲ್ಲ, ಪೆದ್ದಿ...'

ಕೆಲಸ ಮುಗಿಸಿದವಳೇ ಕ್ಯಾಮೆರಾ ಅಂಗಡಿಗೆ ಓಡಿದಳು.

ಶಟರ್ ಎಳೆದಿತ್ತು. ಪಕ್ಕದ ಗಾಜಿನ ಕಿಟಕಿಯಲ್ಲಿ ಬಗ್ಗಿ ನೋಡಿದಳು. ಬೇರೆ ಕ್ಯಾಮೆರಾಗಳೆಲ್ಲ ಸಾಲಾಗಿ ಕೂತಿದ್ದವು. ದೊಡ್ಡಮ್ಮನದು ಮಾತ್ರ ಇರಲಿಲ್ಲ.

ಬೋರ್ಡಿನ ಮೇಲಿನ ನಂಬರಿಗೆ ಫೋನ್ ಮಾಡಿದಳು. ಆ ಕಡೆ ತಗಡು ಬಡಿಯುವ ಸದ್ದು, ಯಾರೋ ಕೂಗುವ ಸದ್ದು. ಅದರ ನಡುವೆ ಅವನ ದನಿ. "ಅದಾ ಮೇಡಂ? ಅದು ಈಗ ಮಾರಾಟಕ್ಕಿಲ್ಲ. ಆಮೇಲೆ..." ಮುಂದಿನದು ಸದ್ದಿನಲ್ಲಿ ಮುಳುಗಿತು. ಫೋನ್ ಕಟ್ ಆಯಿತು.

ಮಾರಾಟಕ್ಕಿಲ್ಲವಂತೆ!

ಅಂದರೆ ಯಾರಿಗೋ ಮಾತು ಕೊಟ್ಟಾಯಿತು. ಹೆಚ್ಚು ಕೊಡುವವರು ಸಿಕ್ಕಿರಬೇಕು. ನಿನ್ನೆ ತಡವರಿಸಿದ್ದೆಲ್ಲ ನಾಟಕ!

ಮರುದಿನ ಅಂಗಡಿಯಲ್ಲಿ ಒಂದು ಷರ್ಟಿನ ಕಾಲರನ್ನು ಅವಳು ಉಜ್ಜಿದ ರಭಸ ನೋಡಿ ಡ್ರೈಕ್ಲೀನಿಂಗ್ ಒಡತಿಗೇ ಭಯವಾಯಿತು. "ಆ ಕಾಲರಲ್ಲಿ ಯಾರ ಮುಖ ಕಾಣ್ತಿದೆಯೇ ನಿಂಗೆ? ಹರಿದು ಹೋದ್ರೆ ಅವನೇನು ಬಂದು ಹೊಲಿದುಕೊಡಲ್ಲ," ಎಂದಳು. ಅವಳು ಮತ್ತಷ್ಟು ಜೋರಾಗಿ ಉಜ್ಜಿದಳು.

*

ಅದರ ಮರುದಿನ ಶಟರ್ ಮೇಲಿತ್ತು.

ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಬಂದಿದ್ದಳು. ಮೋಸಗಾರ ಎಂಬುದು ಮೊದಲನೆಯದು. ಬಾಗಿಲು ತಳ್ಳಿದವಳ ಬಾಯಿ ತೆರೆದಂತೆಯೇ ಉಳಿಯಿತು.

ಅವನು ನೆಲದ ಮೇಲೆ ಕೂತಿದ್ದ. ಬೆರಳುಗಳಿಗೆ ಬ್ಯಾಂಡೇಜ್. ತೋಳಿನವರೆಗೂ ಮಸಿ. ಮುಂದೆ ಹರಡಿದ ಹಳೆಯ ಪೇಪರಿನ ಮೇಲೆ ಕ್ಯಾಮೆರಾದ ಹಿಡಿಯ ರಬ್ಬರುಗಳು. ಸವೆದವು, ಬಿರಿದವು, ಬಿಳಚಿಕೊಂಡವು. ಒಂದೊಂದರಲ್ಲೂ ಯಾರದೋ ಹೆಬ್ಬೆರಳಿನ ಗುಳಿ.

ಅವಳನ್ನು ಕಂಡು ಎದ್ದು ನಿಂತ.

"ಏನಿದು?"

"ಗುಜರಿ ಗೋದಾಮಿಗೆ ಹೋಗಿದ್ದೆ." ಅವನ ದನಿ ಸಣ್ಣಗಿತ್ತು. "ಅಡಿ ಮುಚ್ಚಳ ಸಿಕ್ತು, ಉಂಗುರದ ಗೀರಿತ್ತಲ್ಲ, ಗುರುತು ಹತ್ತಿತು. ಆದ್ರೆ ರಬ್ಬರ್... ಇದೇ ಮಾಡೆಲ್ಲಿಂದು ಎಷ್ಟೊಂದು ತೆಗೆದು ಎಸೆದಿದೀನಿ ನೋಡಿ. ನಿಮ್ಮ ದೊಡ್ಡಮ್ಮಂದು ಯಾವುದು ಅಂತ ನಂಗೆ ಗೊತ್ತಾಗ್ಲಿಲ್ಲ. ನಂಗೆ ಎಲ್ಲಾ ಸವೆದಿದ್ದು ಅಷ್ಟೇ ಆಗಿತ್ತು."

ಅವಳಿಗೆ ಕೋಪ ಇಳಿಯಲಿಲ್ಲ.

"ಮಾರಾಟಕ್ಕಿಲ್ಲ ಅಂದ್ರಿ ಫೋನಲ್ಲಿ."

"ನಿಮ್ಮದನ್ನ ನಿಮಗೇ ಹೇಗೆ ಮಾರೋದು?"

"ಹಾಗಂತ ಹೇಳೋಕೇನಾಗಿತ್ತು?"

"ಮಾತಾಡ್ಬೇಡಿ ಅಂದಿದ್ರಿ."

ಅವಳು ಥಟ್ಟನೆ ನೆಲಕ್ಕೆ ಕೂತಳು. ಕಣ್ಣು ಮುಚ್ಚಿ ರಬ್ಬರುಗಳ ಮೇಲೆ ಒಂದೊಂದಾಗಿ ಹೆಬ್ಬೆರಳಿಟ್ಟಳು. ಒಂದು ಅಗಲ. ಒಂದು ತೀರ ಆಳ. ಒಂದು ಯಾವನೋ ದಪ್ಪ ಕೈಯವನದು. ಚಿಕ್ಕವಳಿದ್ದಾಗ ದೊಡ್ಡಮ್ಮ ಕ್ಯಾಮೆರಾ ಹಿಡಿಸಿ, ಅವಳ ಪುಟ್ಟ ಬೆರಳನ್ನು ಆ ಗುಳಿಯೊಳಗೆ ಇಟ್ಟು ಹೇಳುತ್ತಿದ್ದರು. 'ಇದು ನನ್ನ ಜಾಗ. ದೊಡ್ಡವಳಾದ ಮೇಲೆ ನಿಂಗೆ ಸರಿಹೋಗುತ್ತೆ, ಮೆಣಸಿನಕಾಯಿ.'

ಬೆರಳು ಒಂದು ಕಡೆ ನಿಂತಿತು. ಓರೆಯಾದ, ಪುಟ್ಟ ಗುಳಿ. ಸರಿಯಾಗಿ ಕೂತಿತು.

"ಇದು," ಎಂದಳು. ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿನಿಂದಲೇ ನೀರು ಇಳಿಯಿತು.

ಅವನು ಸಮಾಧಾನ ಹೇಳಲು ಬರಲಿಲ್ಲ. ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ಗೋಡೆಯ ಕಡೆ ತಿರುಗಿ ಕೂತ. ಆ ತಿರುಗಿದ ಬೆನ್ನು ಅವಳಿಗೆ ಯಾಕೋ ಬಹಳ ಒಳ್ಳೆಯದೆನಿಸಿತು.

ಆಮೇಲೆ ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದ. ಒಳಗೆ ನೈಲ್ ಪಾಲಿಶ್ ಸೀಸೆಗಳು. ಎಲ್ಲವೂ ಕೆಂಪು.

"ಚುಕ್ಕೆ ವಾಪಸ್ ತರೋಕೆ ಆಗಲ್ಲ, ಗೊತ್ತು. ಆದ್ರೂ..." ಅವನ ಕಿವಿ ಕೆಂಪಾಯಿತು. "ಫ್ಯಾನ್ಸಿ ಸ್ಟೋರ್ ಆಯಮ್ಮ ನನ್ನನ್ನೇ ಕೇಳಿದ್ರು, ನಿಮ್ಮ ಉಗುರಿಗೆ ಯಾವುದು ಒಪ್ಪುತ್ತೆ ಹಚ್ಚಿ ನೋಡ್ತೀರಾ ಅಂತ."

ಅವಳಿಗೆ ನಗು ಬಂತು. ಬರಬಾರದ ಹೊತ್ತಲ್ಲಿ, ಮೂಗು ಸೋರುತ್ತಿರುವಾಗ. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. "ಒಂದೂ ಆ ಬಣ್ಣ ಅಲ್ಲ," ಎಂದು ಮುಖ ಊದಿಸಿಕೊಂಡೇ ಎದ್ದಳು.

ರಬ್ಬರ್ ಮತ್ತೆ ಅಂಟಿಸಬೇಕು, ಅಂಟು ಒಣಗಲು ದಿನ ಹಿಡಿಯುತ್ತದೆ, ಎರಡು ದಿನ ಬಿಟ್ಟು ಬನ್ನಿ ಎಂದ.

*

ಮನೆಗೆ ಬಂದಾಗ ಅಮ್ಮ ನಡುಮನೆಯಲ್ಲಿ ಹೊಲಿಗೆ ಡಬ್ಬಿ ತೆರೆದು ಕೂತಿದ್ದಳು. ಮಗಳು ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಬೈಗುಳ ಕರಗಿ, ಬರೀ ಅಳು ಉಳಿದಿತ್ತು.

ಅಮ್ಮ ಗುಂಡಿಗಳ ಕೆಳಗೆ ಕೈಹಾಕಿ, ಚಿಂದಿ ಬಟ್ಟೆಯಲ್ಲಿ ಸುತ್ತಿದ ಒಂದು ಸೀಸೆ ತೆಗೆದಳು. ತಳದಲ್ಲಿ ಗಟ್ಟಿಯಾದ ಕೆಂಪು.

"ಕ್ಯಾಮೆರಾ ಕೊಟ್ಟುಬಿಟ್ಟೆ. ಇದನ್ನ ಕೊಡೋಕಾಗ್ಲಿಲ್ಲ," ಎಂದಳು. "ವಾರ್ಡಲ್ಲಿ ಉಗುರಿಗೆ ಬಣ್ಣ ಹಚ್ಚೋ ಹಾಗಿರ್ಲಿಲ್ಲ ನೋಡು. ಪಾಪ, ಆಸೆಪಟ್ಟು ತಂದಿದ್ದಳು. ಕೊನೆಗೆ ಕ್ಯಾಮೆರಾಗೆ ಹಚ್ಚಿದಳು."

ಮಗಳು ಅಮ್ಮನ ಮಡಿಲಲ್ಲಿ ತಲೆಯಿಟ್ಟಳು. ಅಮ್ಮನ ಕೈ ಅವಳ ಕೂದಲಲ್ಲಿ ಆಡಿತು.

"ಅವನಿಗೂ ಹೀಗೇ ಬೈದೆಯಾ?"

"ಇದಕ್ಕಿಂತ ಜಾಸ್ತಿ."

"ಆದ್ರೂ ಹುಡುಕಿ ತಂದನಾ?" ಅಮ್ಮ ತಾನೇ ಸೇರಿಸಿದಳು, "ಮೆಣಸಿನಕಾಯಿ ತಿಂದೂ ನೀರು ಕೇಳದವನು ಅನ್ನು."

*

ಎರಡು ದಿನ ಬಿಟ್ಟು ಹೋದಾಗ ಕ್ಯಾಮೆರಾ ಮೇಜಿನ ಮೇಲೆ ಕಾಯುತ್ತಿತ್ತು. ಸವೆದ ಹಿಡಿ. ಗೀರು ಬಿದ್ದ ಅಡಿ. ಅಂಗಡಿಯ ಅಷ್ಟೂ ಹೊಳಪಿನ ನಡುವೆ ಅದೊಂದೇ ಮುದುಕಿಯ ಹಾಗೆ ನೆಮ್ಮದಿಯಾಗಿ ಕೂತಿತ್ತು.

ಅಮ್ಮ ಪಡೆದಷ್ಟೇ ಹಣವನ್ನು ಅವಳು ಮೇಜಿನ ಮೇಲಿಟ್ಟಳು. ಅವನು ಎಣಿಸದೆ ಒಳಗೆ ಹಾಕಿಕೊಂಡ. ಅಮ್ಮ ಕೊಟ್ಟ ಸೀಸೆಗೆ ಅವಳು ಎರಡು ಹನಿ ತೆಳುವಾಗಿಸುವ ದ್ರಾವಣ ಬಿಟ್ಟು ಅಲುಗಿಸಿದಳು. ಬಣ್ಣ ನಿಧಾನವಾಗಿ ಎಚ್ಚರವಾಯಿತು. ಅವನು ಎರಡೂ ಕೈಯಲ್ಲಿ ಕ್ಯಾಮೆರಾ ಅಲುಗದಂತೆ ಹಿಡಿದ. ಅವಳು ಉಸಿರು ಬಿಗಿಹಿಡಿದು, ಗುಂಡಿಯ ಪಕ್ಕ ಒಂದು ಚುಕ್ಕೆ ಇಟ್ಟಳು.

ಇಬ್ಬರೂ ಅದನ್ನೇ ನೋಡುತ್ತ ನಿಂತರು. ಅವರ ತಲೆಗಳು ತೀರ ಹತ್ತಿರವಿದ್ದವು.

"ಒಂದು ಸುಳ್ಳು ಹೇಳಿದೀನಿ," ಅವನು ತಲೆ ಎತ್ತದೆ ಅಂದ.

"ಏನು?"

"ಆ ಅಂಟು ಅರ್ಧ ಗಂಟೇಲಿ ಒಣಗುತ್ತೆ."

"ಮತ್ತೆ ಎರಡು ದಿನ ಅಂದ್ರಿ?"

"ಕ್ಯಾಮೆರಾ ಕೊಟ್ಟುಬಿಟ್ರೆ ನೀವ್ಯಾಕೆ ಬರ್ತೀರಿ ಇಲ್ಲಿಗೆ? ನೀವು ಬೈದು ಹೋದ ದಿನದಿಂದ ಬಾಗಿಲನ್ನೇ ನೋಡ್ತಿದೀನಿ. ಬೈಯೋಕಾದ್ರೂ ಬರ್ಲಿ ಅಂತ."

"ನಾನು ಎರಡು ದಿನ ನಿದ್ದೆ ಮಾಡಿಲ್ಲ ರೀ! ಅಂಟು ಹಿಡಿಯುತ್ತೋ ಇಲ್ವೋ ಅಂತ..." ಅವಳು ರೇಗಿ ಕೈ ಬೀಸಿದಳು. ಬ್ರಷ್ಷಿನ ತುದಿಯಿಂದ ಒಂದು ಹನಿ ಹಾರಿ ಅವನ ಬಿಳಿ ಷರ್ಟಿನ ತೋಳಿಗೆ ಬಿತ್ತು.

ಕೆಂಪಗೆ, ದುಂಡಗೆ.

ಕೋಪವೆಂದುಕೊಂಡು ಇಷ್ಟು ದಿನ ಎದೆಯಲ್ಲಿ ಹೊತ್ತು ತಿರುಗಿದ್ದು ಬರೀ ಕೋಪವಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

"ನಂಗೆ ಸಿಟ್ಟು ಬೇಗ ಬರುತ್ತೆ," ಎಂದಳು, ಎಚ್ಚರಿಕೆ ಕೊಡುವವಳಂತೆ.

"ಗೊತ್ತು."

"ಹೋಗೋದು ತಡ."

"ಕಾಯ್ತೀನಿ."

ಅವಳು ಚೀಲದಿಂದ ಸೀಮೆಸುಣ್ಣದ ತುಂಡು ತೆಗೆದಳು. ಅವನ ಕೈಯನ್ನು ಮೇಜಿನ ಮೇಲೆ ನೀಟಾಗಿ ಇಟ್ಟು, ತೋಳಿನ ಕಲೆಯ ಸುತ್ತ ಮೆಲ್ಲಗೆ ಒಂದು ಗೆರೆ ಎಳೆದಳು. ಎಲ್ಲ ಗಿರಾಕಿಗಳನ್ನು ಕೇಳುವಂತೆಯೇ ಕೇಳಿದಳು. ದನಿ ಮಾತ್ರ ಬೇರೆಯಾಗಿತ್ತು.

"ಇದನ್ನ ತೆಗೀಲಾ?"

ಅವನು ಆ ಚುಕ್ಕೆಯನ್ನು ನೋಡಿದ. ಆಮೇಲೆ ಅವಳನ್ನು.

"ಬೇಡ," ಎಂದ. "ಇರ್ಲಿ."